ಷರಾ

ಮೂವತ್ತೊಂದು ವರ್ಷ ಐದು ಲೀಟರಿನ ಕ್ಯಾನು ಹಿಡಿದು
ಪಂಪಿನಿಂದ ಪಂಪಿಗೆ ಅಲೆದವನು ನಾನು,
ತೂಕ ಮತ್ತು ಅಳತೆ ಇಲಾಖೆ, ಧಾರವಾಡ.
ಐದು ಲೀಟರಿಗೆ ಇಪ್ಪತ್ತೈದು ಮಿಲಿ ಮಾಫಿ.
ಇಪ್ಪತ್ತಾರಾದರೆ ಪಂಪು ಬಂದ್ ಮಾಡಿಸಿ
ಮಾಲಕನ ಚಹಾ ಮುಟ್ಟದೆ ಎದ್ದವನು.

ಅಂಥವನಿಗೆ ಗೋಕುಲ ರೋಡಿನ ಶೋರೂಮಿನಲ್ಲಿ
ದಾನೇಶ ಅನ್ನೋ ಹುಡುಗ
ಲೀಟರಿಗೆ ಇಪ್ಪತ್ತೇಳು ಪಾಯಿಂಟ್ ಒಂಬತ್ತು ಅಂದ.
ಪಾಯಿಂಟ್ ಒಂಬತ್ತು!
ಬಿಂದುವಿನ ಆಚೆಗೂ ಲೆಕ್ಕ ಇಟ್ಟವರು
ಸುಳ್ಳು ಹೇಳಲಿಕ್ಕಿಲ್ಲ ಎಂದು ರೊಕ್ಕ ಎಣಿಸಿದೆ.

ಮೊದಲ ತಿಂಗಳು ಹತ್ತೊಂಬತ್ತು ಪಾಯಿಂಟ್ ನಾಲ್ಕು.
ಹಳೆಯ ಗುರುತಿನ ಪಂಪಿಗೆ ಹೋಗಿ
ಕ್ಯಾನು ತರಿಸಿ ಅಳೆಸಿದೆ. ನಾಲ್ಕು ಮಿಲಿ ಹೆಚ್ಚೇ ಇತ್ತು.
ಗಾಲಿಯ ಗಾಳಿ ನೋಡಿಸಿದೆ, ಕಮ್ಮಿ ಇತ್ತು, ತುಂಬಿಸಿದೆ.
ಇಪ್ಪತ್ತಕ್ಕೆ ಬಂತು.
ಅಲ್ಲೇ ಕುಂತಿತು.

ಮೌಲಾಲಿ ಮಿಸ್ತ್ರಿ ಬಾನೆಟ್ ಎತ್ತಿ, ಇಳಿಸಿ, ನಕ್ಕ:
"ಸಾಹೇಬ್ರ, ಅವರು ಅಳ್ಯೂದು ಒಂದು ಖೋಲ್ಯಾಗ.
ಗಾಲಿ ಕೆಳಗ ರೋಲರ್ ಇಟ್ಟಿರ್ತಾರ.
ಎಸಿ ಬಂದ್. ಗಾಳಿ ಇಲ್ಲ, ತಗ್ಗಿಲ್ಲ, ಅಡ್ಡ ಬರೂ ಎಮ್ಮಿ ಇಲ್ಲ.
ಗಾಡಿ ಓಡ್ತದ, ಓಡ್ತದ, ಎಲ್ಲಿಗೂ ಹೋಗಂಗಿಲ್ಲ.
ನೀವೂ ಎಲ್ಲಿಗೂ ಹೋಗಲಿಲ್ಲಂದ್ರ
ಇಪ್ಪತ್ತೇಳು ಬರ್ತದ್ರಿ."

ಆ ರಾತ್ರಿ ನಿದ್ದೆ ಹತ್ತಲಿಲ್ಲ.
ಕಳ್ಳನಿಲ್ಲದ ಕಳವು. ಇದಕ್ಕೆ ನನ್ನ ಕಾಯ್ದೆಯಲ್ಲಿ ಕಲಮಿಲ್ಲ.
ಅಳತೆ ಖೊಟ್ಟಿ ಅಲ್ಲ.
ಅಳೆದದ್ದು ನನ್ನ ದಾರಿ ಅಲ್ಲ.

ಬೆಳಗಾದ ಮೇಲೆ ನೋಟುಬುಕ್ಕಿಗೆ ಗೆರೆ ಹೊಡೆದೆ:
ತಾರೀಖು, ಕಿಲೋಮೀಟರು, ಲೀಟರು, ಷರಾ.

ಸಪ್ತಾಪುರದಿಂದ ಲೈನ್ ಬಜಾರಿಗೆ: ಹದಿನಾಲ್ಕು.
ಷರಾ: ಎಂಜಿನ್ನು ಮೈ ಕಾಯಿಸಿಕೊಳ್ಳುವುದರೊಳಗೆ
ಕೊತ್ತಂಬರಿ ಕೊಂಡಾಗಿರುತ್ತದೆ.

ಹುಬ್ಬಳ್ಳಿಗೆ ಹೋಗುವಾಗ ಇಪ್ಪತ್ತಾರು,
ಬರುವಾಗ ಹದಿನೆಂಟು.
ಷರಾ: ನಮ್ಮೂರು ಎತ್ತರದಲ್ಲಿದೆ ಎಂಬುದು
ಅರವತ್ತಾರನೇ ವಯಸ್ಸಿಗೆ ತಿಳಿಯಿತು.
"ಹಂಗಾರ ವಾಪಸ್ ಬರೂದ ಬ್ಯಾಡ ಬಿಡ್ರಿ"
ಅಂದಳು ಕಸ್ತೂರಿ, ಸೊಪ್ಪು ಸೋಸುತ್ತ.

ಉಣಕಲ್ ಸಿಗ್ನಲ್ಲು. ಬ್ರೇಕು ಒತ್ತಿದಾಗಲೆಲ್ಲ ಬ್ಯಾಟರಿಗೆ ಜಮಾ.
ಬಡ್ಡಿ ಕೊಡುವ ಬ್ಯಾಂಕು ಅಂದುಕೊಂಡಿದ್ದೆ,
ಇದು ರೂಪಾಯಿ ಹಾಕಿದರೆ ಹತ್ತಾಣೆ ತಿರುಗಿಸುವ ಭಿಶಿ.
ಪಕ್ಕದ ಪಟ್ಟಿಯಲ್ಲಿ ಚಿಗರಿ ಬಸ್ಸು
ನಿಲ್ಲದೆ ಹೋಯಿತು, ನನ್ನ ಕಡೆ ನೋಡದೆ.

ಗದಗಿನ ದಾರಿ. ಅಣ್ಣಿಗೇರಿ ದಾಟಿದ ಮೇಲೆ ಎರೆಹೊಲದ ಬಯಲು,
ನೂರರ ವೇಗ, ಎದುರುಗಾಳಿ. ಹದಿನೇಳು.
ದೂರದ ದಿಬ್ಬದ ಮೇಲೆ ಗಾಳಿಯಂತ್ರಗಳು
ಸಾವಕಾಶ ತಿರುಗುತ್ತಿದ್ದವು.
ಅದೇ ಗಾಳಿ. ಅವಕ್ಕೆ ಗಳಿಕೆ, ನನಗೆ ಲುಕ್ಸಾನು.
ಬರುವಾಗ ಡಿಕ್ಕಿಯಲ್ಲಿ ಎರಡು ಚೀಲ ಜೋಳ,
ಹಿಂದಿನ ಸೀಟಿನ ತುಂಬ ಷಡ್ಡಕ.
ಜೋಳದ ತೂಕ ಬರೆದೆ.
ಇನ್ನೊಂದನ್ನು ಕೇಳುವ ಧೈರ್ಯವಾಗಲಿಲ್ಲ.

ಏಪ್ರಿಲ್ ಹನ್ನೊಂದು, ಮನೆ ಮುಂದೆ, ಮಟಮಟ ಮಧ್ಯಾಹ್ನ.
ಕಣ್ಣಿನ ಆಸ್ಪತ್ರೆಯಿಂದ ಬಂದಿದ್ದೆವು.
ಕಸ್ತೂರಿಯ ಎಡಗಣ್ಣಿಗೆ ಪಟ್ಟಿ.
ರೇಡಿಯೋದಲ್ಲಿ ಯಾರೋ ಸಿತಾರ್ ನುಡಿಸುತ್ತಿದ್ದರು.
"ಮುಗೀಲಿ, ಆಮ್ಯಾಲ ಇಳೀತೀನಿ" ಅಂದಳು.
ಎಸಿ ನಡೆದೇ ಇತ್ತು. ಎಂಜಿನ್ನು ಆಗೀಗ ತಾನೇ ಎಚ್ಚರಾಗಿ
ಬ್ಯಾಟರಿಗೆ ಉಣಿಸಿ ಮತ್ತೆ ಮಲಗುತ್ತಿತ್ತು.
ಮೂವತ್ತೈದು ನಿಮಿಷ.

ಕಿಲೋಮೀಟರು: ಸೊನ್ನೆ.
ಲೀಟರು: ಕಾಲು.
ಮೌಲಾಲಿ ಹೇಳಿದ್ದು ಪೂರ್ತಿ ಖರೆ ಅಲ್ಲ,
ಎಲ್ಲಿಗೂ ಹೋಗದಿದ್ದರೂ ಇಪ್ಪತ್ತೇಳು ಬರಲಿಲ್ಲ.
ಮುದ್ರೆ ಇಲಾಖೆಗೆ ಒಪ್ಪಿಸಿ ಆರು ವರ್ಷವಾಯಿತು,
ಆದರೂ ಷರಾ ಕಾಲಮ್ಮಿನಲ್ಲಿ
"ಪರೀಕ್ಷಿಸಲಾಗಿದೆ, ಸರಿಯಿದೆ" ಎಂದು ಬರೆದು
ಕೆಳಗೆ ಸಹಿ ಮಾಡಿದೆ.